ಅಡುಗೆಮನೆ ಕಪಾಟಿನ ಬೀಗ

ನಾದಿನಿ ಅಡುಗೆಮನೆಗೆ ಬರುವಷ್ಟರಲ್ಲಿ ಅವಳು ಕಪಾಟಿನ ಬೀಗದ ಮೇಲೆ ಟವೆಲ್ ಇಳಿಬಿಟ್ಟಿದ್ದಳು. ಹೊರಗಿನ ಕೋಣೆಯಲ್ಲಿ ಅವಳ ಗಂಡನ ಹೆಣವನ್ನು ಮಲಗಿಸಿದ್ದರು.

"ಅತ್ತಿಗೆ, ಬಂದವ್ರಿಗೆ ಒಂದಿಷ್ಟು ಟೀ ಮಾಡ್ತೀನಿ. ಸಕ್ಕರೆ ಎಲ್ಲಿ?"

"ಇಲ್ಲ."

"ಬಿಸ್ಕತ್ತು?"

"ಅದೂ ಇಲ್ಲ."

ನಾದಿನಿ ಕೈ ಒರೆಸಿಕೊಳ್ಳಲು ಟವೆಲ್ ಎಳೆದಳು; ಬೀಗ ಕಂಡಿತು. ಬೀಗ ರಿಪೇರಿಯವನ ಮನೆಯಲ್ಲಿ ಬೀಗ ಇರುವುದು ವಿಶೇಷವೇನಲ್ಲ. ಬಿಸ್ಕತ್ತಿಗೆ ಇರುವುದು ಸ್ವಲ್ಪ ಹೆಚ್ಚೇ.

"ಇಲಿ ಕಾಟ," ಎಂದಳು ಅವಳು.

"ಇಲಿಗೆ ಚಿಲಕ ಸಾಲ್ದಾ ಅತ್ತಿಗೆ?"

*

"ತಲೆಯೊಳಗಿನ ಗಡ್ಡೆ ಕ್ಯಾನ್ಸರ್ ಅಲ್ಲಮ್ಮ," ಎಂದಿದ್ದರು ಡಾಕ್ಟರು. "ಆದ್ರೆ ಸುತ್ತ ಊತ ಇದೆ. ಆಪರೇಷನ್ ತನಕ ಈ ಸ್ಟೀರಾಯ್ಡ್ ಮಾತ್ರೆ. ಹಸಿವು ವಿಪರೀತ ಆಗುತ್ತೆ, ಮುಖ ಊದುತ್ತೆ. ನೀವಾಗಿ ನಿಲ್ಲಿಸ್ಬೇಡಿ."

ಮಾತ್ರೆಯನ್ನು ಅವಳು ನಿಲ್ಲಿಸಲಿಲ್ಲ. ಕೆಲವೇ ವಾರದಲ್ಲಿ ಅವನ ಮುಖ ಹುಣ್ಣಿಮೆಯಾಯಿತು. ಒಂದಿಡೀ ಬ್ರೆಡ್ಡು ಅವನ ಊಟಕ್ಕೆ ಬರೀ ಮುನ್ನುಡಿ.

"ಇಂಥ ಕಾಯ್ಲೆ ನಮಗೂ ಬರ್ಲಿ ಕಣ್ರೀ," ಎಂದು ಪಕ್ಕದ ಮನೆಯವಳು ನಕ್ಕಳು. ಇವಳಿಗೆ ಮಾನ ಹೋದಂತಾಯಿತು. ಮರುದಿನ ಅವನ ಅಂಗಡಿಯಿಂದಲೇ ಬೀಗ ತಂದು ಕಪಾಟಿಗೆ ಜಡಿದಳು.

ಅವನು ಕೆಮ್ಮಿದರೆ ಊರಿನ ಬೀಗಗಳು ತೆರೆದುಕೊಳ್ಳುತ್ತಿದ್ದವು. ಅವನಿಗೆ ನೆಗಡಿಯಾದರೆ ಬ್ಯಾಂಕಿನವರು ಕಾವಲು ಹೆಚ್ಚಿಸುತ್ತಿದ್ದರಂತೆ. ಅಂಥವನು ಆ ಬೀಗವನ್ನು ಬೆರಳಲ್ಲಿ ಎತ್ತಿ ನೋಡಿ, "ಒಳ್ಳೇ ಬೀಗ ಕಣೇ. ಯಾರಿಗೂ ತೆಗಿಯೋಕಾಗಲ್ಲ," ಎಂದ. ಎರಡು ಲೋಟ ನೀರು ಕುಡಿದು ಹೋಗಿ ಕೂತ.

ಆಪರೇಷನ್ನಿಗೆ ನಾಲ್ಕು ದಿನ ಇರುವಾಗ ನ್ಯುಮೋನಿಯಾ ಬಂತು.

*

ಆಸ್ಪತ್ರೆಯ ಓಡಾಟದಲ್ಲಿ ಅವಳು ಕಪಾಟಿನ ಕೀ ಕಳೆದುಕೊಂಡಿದ್ದಳು. ನಾದಿನಿ ಅಂಗಡಿಯ ಜೊತೆಗಾರನನ್ನು ಕೂಗಿದಳು. ಅವನ ಹಿಂದೆಯೇ ನಾಲ್ಕು ಜನ ಬಾಗಿಲಲ್ಲಿ ಇಣುಕಿದರು.

ಜೊತೆಗಾರ ಸತ್ತವನ ಕೆಲಸದ ಚೀಲದಲ್ಲಿ ತಂತಿ ಹುಡುಕುತ್ತಿದ್ದವನು ಒಂದು ಕೀ ಹೊರಗೆಳೆದ. ಅದಕ್ಕೆ ಕಟ್ಟಿದ್ದ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದ: "ಅಡುಗೆಮನೆ ಕಪಾಟು."

ಆಮೇಲೆ ಕೀಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ಅಣ್ಣಂದೇ ಕೈಕೆಲ್ಸ. ಆದ್ರೆ ನೋಡಿ, ಅರದಲ್ಲಿ ಉಜ್ಜಿದ ಪುಡಿ ಇನ್ನೂ ಅಂಚಿಗೇ ಅಂಟ್ಕೊಂಡಿದೆ. ಒಂದ್ಸಲಾನೂ ಬೀಗಕ್ಕೆ ಹಾಕಿಲ್ಲ."

"ಹಾಕು," ಎಂದಳು ಅವಳು.

ಬೀಗ ಸದ್ದಿಲ್ಲದೆ ತೆರೆದುಕೊಂಡಿತು. ಒಳಗೆ ಬಿಸ್ಕತ್ತಿನ ಪೊಟ್ಟಣಗಳು, ಅವಳು ಜೋಡಿಸಿಟ್ಟ ಹಾಗೇ ಇದ್ದವು. ನಾದಿನಿ ಟವೆಲನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಅತ್ತಿಗೆಯೇ ದೊಡ್ಡ ತಟ್ಟೆಗೆ ಬಿಸ್ಕತ್ತು ಸುರಿದು ಹೊರಗೆ ಒಯ್ದಳು.

"ಬೇಡಮ್ಮ, ಹಸಿವಿಲ್ಲ."

"ನಂಗೂ ಹಸಿವಿಲ್ಲ ತಾಯಿ."

ಪಕ್ಕದ ಮನೆಯವಳು ತಲೆ ತಗ್ಗಿಸಿ ಬೇಡವೆಂದು ಕೈ ಆಡಿಸಿದಳು.

ಎಲ್ಲರನ್ನೂ ಸುತ್ತಿ ಮುಗಿದ ಮೇಲೆ, ತುಂಬಿದ ತಟ್ಟೆ ಹಿಡಿದು ಅವಳು ಬಂದು ನಿಂತದ್ದು ಆ ಊದಿದ ಮುಖದ ಮುಂದೆ.