ಎರಡೂವರೆ ಬೆರಳು

ಫರ್ಹತಳ ಬಾಯಿ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ರೊಟ್ಟಿಯನ್ನು ಚೂರು ಮಾಡಿ, ಸಾರಿನಲ್ಲಿ ನೆನೆಸಿ ಒಳಗೆ ತಳ್ಳಬೇಕು. ಬಿ.ಎ. ಓದಿದ ಬಾಯಿಯ ಉಪಯೋಗ ಇಷ್ಟು.

ಸೈದಾಪುರದ ಆಚೆ ಗುಳಿಗೆ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಅಲ್ಲಿ ಹೆಣ್ಣುಮಕ್ಕಳ ಪಾಯಖಾನೆಗೆ ಬೀಗ. ಚಾವಿ ಸೂಪರ್‌ವೈಸರ್ ಅರುಣಕುಮಾರನ ಕಿಸೆಯಿಂದ ಪಾಳಿಗೆ ಎರಡೇ ಸಲ ಹೊರಬರುತ್ತಿತ್ತು. ದೂರು ಕೇಳುವ ಕಮಿಟಿಗೆ ಕಾರ್ಮಿಕರ ಪ್ರತಿನಿಧಿ ಬೇಕಾದಾಗ ಅವನು ಫರ್ಹತಳನ್ನು ಆರಿಸಿದ. ಡಿಗ್ರಿಗೆ ಸಿಕ್ಕ ಮರ್ಯಾದೆ ಎಂದು ಅವಳು ಉಬ್ಬಿದಳು. ಎರಡು ವರ್ಷ ‘ಯಾವ ದೂರೂ ಇಲ್ಲ’ ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು. ಒಮ್ಮೆ ಆ ಸಾಲಿನ ಕಾಗುಣಿತವನ್ನೂ ತಿದ್ದಿದ್ದಳು. ಅವಳ ಹೋರಾಟ ಅಷ್ಟೇ.

ಬಾಯಿ ಇನ್ನೂ ತುಸು ಹೆಚ್ಚು ತೆರೆಯುತ್ತಿದ್ದಾಗ ಹಲ್ಲಿನ ಡಾಕ್ಟರೊಬ್ಬರು, ತೊಂದರೆ ಹಲ್ಲಿನದೇ ಎಂದು, ಎರಡು ಗಟ್ಟಿ ಹಲ್ಲು ಕಿತ್ತಿದ್ದರು. ಕಾರ್ಖಾನೆಯ ಡಾಕ್ಟರು, “ಮದಿವಿ ಆಗವಾ, ಬಾಯಿ ತಾನ ಬಿಚ್ತದ,” ಅಂದಿದ್ದರು. ಅವಳು ಥ್ಯಾಂಕ್ಸ್ ಹೇಳಿ ಬಂದಿದ್ದಳು.

ಕಲಬುರಗಿಯ ಡಾಕ್ಟರಮ್ಮ ಮಾತ್ರ ಸ್ಕ್ಯಾನ್ ಮಾಡಿಸಿದರು. “ಕಿವಿ ಮುಂದಿನ ದವಡಿ ಸಂದಿನ್ಯಾಗ ಹಳ್ಳು, ಅಂದ್ರ ಸಣ್ಣ ಹರಳು, ಬೆಳದಾವ. ಸಂದಿನ ಪೊರಿನೇ ಹುಟ್ಟಿಸ್ತದ. ಭಾಳ ಅಪರೂಪದ ಜಡ್ಡು. ತೆಗೀಬೇಕು.”

ರಜೆ ಕೇಳಿದಾಗ ಅರುಣಕುಮಾರ ನಕ್ಕ. “ಇದ್ದಂಗ ಚಲೋ ಅದಿಯಲ್ಲ ತಂಗಿ. ಬಾಯಿ ಹಿಂಗ ಇದ್ರ ಕೆಲಸ ಗಟ್ಟಿ ನೋಡು.”

ತನ್ನ ಅರ್ಹತೆ ಯಾವುದೆಂದು ಅವಳಿಗೆ ಅಂದು ತಿಳಿಯಿತು.

ಆದರೂ ಆಪರೇಷನ್ ಆಯಿತು; ಹದಿನಾಲ್ಕು ಹಳ್ಳು ಹೊರಬಂದವು. ಬಳಿಕ ಹಲ್ಲುಗಳ ನಡುವೆ ಐಸ್‌ಕ್ರೀಮ್ ಕಡ್ಡಿ ಪೇರಿಸಿ, ಎರಡು ದಿನಕ್ಕೊಂದು ಏರಿಸಬೇಕು. ಮೂರು ಬೆರಳು ಹಿಡಿಸಿದರೆ ಗುಣವಾದಂತೆ. ಊಟದ ಹೊತ್ತಿಗೆ ಅವಳು ಅಳೆದುಕೊಳ್ಳುವಾಗ ಹಿರಿಯಳಾದ ಮಲ್ಲಾಬಾಯಿ ಕೇಳುತ್ತಿದ್ದಳು:

“ಇವತ್ತ ಎಷ್ಟವಾ?”

“ಎರಡು.”

“ನನ್ನ ಬಾಯಾಗ ಮೂರೂ ಹೋಗ್ತಾವ. ಹೋಗಿ ಏನ್ ಮಾಡ್ಯಾವ?”

ಕಮಿಟಿಯ ದಿನ ಅರುಣಕುಮಾರ ರಿಜಿಸ್ಟರ್ ಸರಿಸಿದ. ಫರ್ಹತ ಪೆನ್ನು ಎತ್ತಿ ಕೆಳಗಿಟ್ಟಳು. ಬಾಯಿ ಮತ್ತೆ ಹಿಡಿದುಕೊಂಡಿದ್ದರೆ ನೆಪವಾದರೂ ಸಿಗುತ್ತಿತ್ತು. ಹಾಳಾದದ್ದು, ತೆರೆಯಿತು.

“ಸರ್, ಪಾಯಖಾನಿ ಬೀಗ ತೆಗೀರಿ. ಮಲ್ಲಾಬಾಯಿಗಿ ಉರಿಮೂತ್ರ ಹತ್ಯದ. ಇನ್ನಾ ಆರು ಮಂದಿಗಿ ಹತ್ಯದ. ನಾ ಸಹಿ ಮಾಡಂಗಿಲ್ಲ.”

“ಹೊಲಿಗಿ ಬಿಚ್ಚೀತು. ಸುಮ್ಮನ ಕೂಡು.”

ಮರುದಿನ ಅವಳನ್ನು ಕಮಿಟಿಯಿಂದ ತೆಗೆದರು. ಕೆಲಸವೂ ತಿಂಗಳ ಕೊನೆಯವರೆಗೆ ಮಾತ್ರ ಎಂದರು. ಹಾಜರಿಯ ಸಾಲಿನಲ್ಲಿ ಅರುಣಕುಮಾರ ಹೊಸ ಪ್ರತಿನಿಧಿಯನ್ನು ಹುಡುಕಿದ.

“ಮಲ್ಲಾಬಾಯಿ, ನೀ ಆಗ್ತೀಯೇನು?”

ಅವಳು ಬಾಯಿ ಅಗಲಿಸಿ, ಅದರೊಳಗೆ ಮೂರು ಬೆರಳು ನಿಲ್ಲಿಸಿ ತೋರಿಸಿದಳು. ಪಕ್ಕದವಳೂ ತೋರಿಸಿದಳು. ಅವಳ ಪಕ್ಕದವಳೂ. ಸಾಲಿನುದ್ದಕ್ಕೂ ಮೂವತ್ತು ಬಾಯಿ.

ಮಲ್ಲಾಬಾಯಿ ಬೆರಳು ತೆಗೆದು ಕೇಳಿದಳು: “ಚಾವಿ ಎಲ್ಲಿ ಅದರಿ, ಸಾಹೇಬ್ರ?”

ಫರ್ಹತಳೂ ಇಟ್ಟು ನೋಡಿದಳು. ಎರಡೂವರೆ. ಇಡೀ ಸಾಲಿನಲ್ಲಿ ಅತಿ ಸಣ್ಣ ಬಾಯಿ ಇನ್ನೂ ಮಾಜಿ ಪ್ರತಿನಿಧಿಯದೇ. ನಾಚಿಕೆಯಿಂದ ಅವಳು ಚೀಲದಲ್ಲಿ ಇನ್ನೊಂದು ಕಡ್ಡಿ ಹುಡುಕತೊಡಗಿದಳು.