ಹತ್ತರಲ್ಲಿ ಮೂರು ಮನೆ

ನಮ್ಮ ಓಣಿಯ ಬಾಳವ್ವನ ಸೊಸೆ ಐಶ್ವರ್ಯಾ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗಾಳಿ ಓದುತ್ತಿದ್ದಳು. ಕಾರವಾರದ ಕಡಲಗಾಳಿ ಘಟ್ಟ ಹತ್ತಿ ಎಲ್ಲಿ ಮಳೆ ಸುರಿಸುತ್ತದೆ, ಅದನ್ನು ಎಷ್ಟು ಮೊದಲೇ ಹೇಳಬಹುದು ಎಂಬುದು ಅವಳ ಅಭ್ಯಾಸದ ವಿಷಯ. ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗುವ ಕಾಲ ಅದು. ಒಳಗೆ ದೇವರ ಕೆಲಸವೇ ನಡೆಯುತ್ತದೆಂದು ನಾವೆಲ್ಲ ನಂಬಿದ್ದೆವು. ಬಾಳವ್ವ ಮಾತ್ರ ನಂಬಿರಲಿಲ್ಲ.

"ಶ್ಯಾವಿಗಿ ಹಾಕೋ ದಿನ ಮಳಿ ಬರ್ತೈತೋ ಇಲ್ಲೋ ಹೇಳು. ಖರೇ ಆದ್ರ ಓದು, ಸುಳ್ಳಾದ್ರ ಮನ್ಯಾಗ ಕೂಡ್ರು," ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಳು.

ಮೇ ತಿಂಗಳಲ್ಲಿ ಓಣಿಯ ಹತ್ತೂ ಮನೆಯವರು ಕೂಡಿ ಶ್ಯಾವಿಗೆ ಹೊಸೆದು, ಒಂದೇ ದಿನ ಮಾಳಿಗೆಯ ಮೇಲೆ ಕೋಲಿಗೆ ಒಣಹಾಕುವುದು ನಮ್ಮ ಪದ್ಧತಿ. ಮಳೆ ಬಿತ್ತೋ, ವರ್ಷದ ಪಾಯಸಕ್ಕೆ ಎಳ್ಳುನೀರು ಬಿಟ್ಟಂತೆಯೇ.

ಐಶ್ವರ್ಯಾ ಗಾಳಿಯ ಲೆಕ್ಕವನ್ನು ಚೂರುಚೂರು ಬದಲಿಸಿ ಹತ್ತು ಸಲ ಕಂಪ್ಯೂಟರಿಗೆ ಕೊಟ್ಟು ಬಂದಳು.

"ಹತ್ತರಾಗ ಮೂರು ಸಲ ಮಳಿ ತೋರಿಸ್ತೈತ್ರಿ ಅತ್ತಿ. ಏಳು ಸಲ ಇಲ್ರಿ."

ಬಾಳವ್ವ ಬೆರಳು ಮಡಚಿದಳು. "ಅಂದ್ರ ಹತ್ತು ಮನಿಯೊಳಗ ಮೂರು ಮನಿಗೆ ಮಳಿ. ಯಾವ ಮೂರು?"

"ಹಂಗಲ್ರೀ ಅತ್ತಿ..."

ಅಷ್ಟರಲ್ಲಿ ಬಾಳವ್ವ ಓಣಿಗಿಳಿದು ಸುದ್ದಿ ಹಂಚುತ್ತಿದ್ದಳು. ಶ್ಯಾವಿಗೆ ಹಾಕಲು ಯಾರೂ ಹಿಂಜರಿಯಲಿಲ್ಲ. ಮಳೆ ಬೀಳುವುದು ಪಾಪ ಮಾಡಿದವರ ಮನೆಗೇ ತಾನೇ? ನಮ್ಮ ಓಣಿಯಲ್ಲಿ ಪಾಪ ಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತು, ತಮ್ಮನ್ನೊಂದು ಬಿಟ್ಟು. ನಾನೂ ಪಕ್ಕದ ಸಂಗವ್ವನ ಮಾಳಿಗೆಯತ್ತ ನೋಡಿ ನಿಶ್ಚಿಂತಳಾಗಿ ಶ್ಯಾವಿಗೆ ಹಾಕಿದೆ.

ಮಧ್ಯಾಹ್ನ ಕೆಲಗೇರಿ ಕಡೆಯಿಂದ ಒಂದು ಮೋಡ ಬಂತು. ಓಣಿಯ ಆ ತುದಿಯ ಮೂರು ಮನೆಗಳ ಮೇಲೆ ದಬದಬ ಸುರಿದು ಹೋಯಿತು. ನಮ್ಮ ಅಂಗಳದ ಧೂಳೂ ತೊಯ್ಯಲಿಲ್ಲ. ಆ ಮೂರರಲ್ಲಿ ನಡುವಿನದು ಬಾಳವ್ವನ ಮನೆ.

ಸಂಗವ್ವನಿಗೆ ಹಿಗ್ಗೋ ಹಿಗ್ಗು. "ಏನ್ರೀ ಬಾಳವ್ವಾ, ಸೊಸಿ ಲೆಕ್ಕ ನಿಮ್ಮ ಮ್ಯಾಲೇ ಬಂತಲ್ಲ!"

ಮುದ್ದೆಯಾದ ಶ್ಯಾವಿಗೆ ಹಿಡಿದು ನಿಂತ ಐಶ್ವರ್ಯಾಳ ಕಣ್ಣು ತುಂಬಿತ್ತು. "ಮೂರು ಮನಿ ಅಂತ ನಾ ಹೇಳಿದ್ದಿಲ್ರಿ. ಇದು ಹಂಗ ಬಂದು ಕೂಡೇತಿ ಅಷ್ಟ," ಎಂದಳು. ಹೌದೆಂದಿದ್ದರೆ ಓದು ಉಳಿಯುತ್ತಿತ್ತು; ಆಗಲೂ ಹುಡುಗಿ ಸುಳ್ಳು ಹೇಳಲಿಲ್ಲ.

"ನೀ ಸುಮ್ನಿರು!" ಬಾಳವ್ವ ಸೊಂಟಕ್ಕೆ ಕೈಯಿಟ್ಟಳು. "ನೋಡ್ರಿ ಸಂಗವ್ವಾ, ಮೂರಂದ್ಲು, ಮೂರ ಆತು. ಗಂಡನ ಮನಿ ಅಂತನೂ ಬಿಡಲಿಲ್ಲ. ಖರೇ ಲೆಕ್ಕ ಅಂದ್ರ ಇದು!"

ಮರುದಿನ ಸೊಸೆಯ ಬುತ್ತಿಯನ್ನು ಬಾಳವ್ವ ತಾನೇ ಕಟ್ಟಿ ಕೈಗಿಟ್ಟಳು. "ಲಗೂ ಹೋಗು. ಮುಂದಿನ ವರ್ಷಕ್ಕ ಯಾವ ಮೂರು ಮನಿ ಅನ್ನೂದನ್ನ ಕಲ್ತು ಬಾ."