ಗಂಟೆ ಕೇಳಿಸುವ ಮನೆ

ಎಸ್ತೆರ್‌ಗೆ ಬೇಕಾಗಿದ್ದದ್ದು ಮನೆಯಲ್ಲ, ಸೀಟು. ಮನೆ ಬಜಪೆಯಲ್ಲಿ ಸ್ವಂತದ್ದೇ ಇತ್ತು. ಗಂಡ ಫ್ಲೋಯ್ಡ್ ಕುವೈತ್‌ನಲ್ಲಿ ದುಡಿದು ಕಟ್ಟಿಸಿದ್ದು. ಅದಕ್ಕೆ ಬೀಗ ಜಡಿದು ಅವಳು ಪೇಟೆಯೊಳಗಿನ ಉರ್ವದಲ್ಲಿ ಬಾಡಿಗೆ ಮನೆ ಹುಡುಕಲು ಹೊರಟದ್ದು ಮಗಳು ಎಲೇನ್‌ಳನ್ನು ಅಲ್ಲಿಯ ಕಾನ್ವೆಂಟಿನ ಸಿಸ್ಟರುಗಳ ಇಂಗ್ಲಿಷ್ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿಸಲಿಕ್ಕೆ. ಬಜಪೆಯಲ್ಲಿ ಶಾಲೆಗಳಿಲ್ಲವೇ ಎಂದರೆ, ಬೇಕಾದಷ್ಟಿವೆ. ಆ ಕಡೆಯ ಶಾಲೆಯಲ್ಲೇ ಕಲಿತು ನರ್ಸ್ ಆದವಳು ಎಸ್ತೆರ್. ಹೊರದೇಶದ ಕೆಲಸಕ್ಕೆಂದು ಇಂಗ್ಲಿಷ್ ಪರೀಕ್ಷೆಗೆ ಕೂತಾಗ, ಮಾತಾಡುವ ಭಾಗ ಬಂದದ್ದೇ ಎರಡು ಸಲವೂ ಬಾಯಿ ಕಟ್ಟಿಹೋಯಿತು. ಗಂಡನ ಜೊತೆ ಹೋಗಿ ಇರುವ ಆಸೆಯೂ ಅಲ್ಲಿಗೇ ಮುಗಿಯಿತು. ಮಗಳಿಗಾದರೂ ಹಾಗಾಗಬಾರದು ಎಂಬುದೊಂದೇ ಈಗ ಉಳಿದಿರುವ ಹಟ.

ಸಿಸ್ಟರುಗಳ ಶಾಲೆಯಲ್ಲಿ ಮೊದಲ ಸೀಟುಗಳು ಪಕ್ಕದ ಇಗರ್ಜಿಗೆ, ಅಂದರೆ ಚರ್ಚಿಗೆ, ಸೇರಿದ ಮನೆಗಳ ಮಕ್ಕಳಿಗೆ. ಹಾಗಾಗಿ ಆ ಇಗರ್ಜಿಗೆ ಸೇರಿದ ಮನೆಯೇ ಆಗಬೇಕು. ಡ್ಯೂಟಿ ಮುಗಿಸಿ, ಊದಿಕೊಂಡ ಕಾಲಿನಲ್ಲೇ ಸ್ಕೂಟರ್ ಹತ್ತಿ ಅವಳು ಓಣಿ ಓಣಿ ಸುತ್ತಿದಳು. ಒಂದು ಕಡೆ ಒಣಮೀನು ಸುಡಬಾರದು ಎಂದರು. ಇನ್ನೊಂದು ಕಡೆ, ಗಂಡ ಊರಲ್ಲಿಲ್ಲದ ಹೆಂಗಸಿಗೆ ಕೊಡುವುದಿಲ್ಲ ಎಂದರು, ಅದೂ ಕಾಫಿ ಕೊಟ್ಟು, ಅರ್ಧ ಗಂಟೆ ಕೂರಿಸಿಕೊಂಡ ಮೇಲೆ. ಹೇಮಾಕ್ಷಿ ಎಂಬವರ ಮನೆಯ ಮಹಡಿ ಸಿಕ್ಕಾಗ ಅವಳಿಗೆ ಕೋಣೆಗಳನ್ನು ನೋಡುವ ತ್ರಾಣವೂ ಇರಲಿಲ್ಲ. ಇಗರ್ಜಿ ಹತ್ತಿರವೇ ಎಂದು ಕೇಳಿದ್ದಕ್ಕೆ ಹೇಮಾಕ್ಷಿ, ನಡೆದರೆ ಐದು ನಿಮಿಷ, ಬೆಳಿಗ್ಗೆ ಗಂಟೆಗೆ ನಮಗೂ ಎಚ್ಚರ ಆಗ್ತದೆ ಎಂದರು. ಅದರಲ್ಲಿ ಸುಳ್ಳೇನಿರಲಿಲ್ಲ. ಬಜಪೆಯಲ್ಲಿ ಯಾವ ಗಂಟೆ ಕೇಳಿಸುತ್ತದೋ ಅದೇ ತಮ್ಮ ಇಗರ್ಜಿ. ಇಲ್ಲಿ ಬೇರೆ ಥರ ಇರಬಹುದೆಂದು ಅವಳಿಗೆ ತೋಚಲೇ ಇಲ್ಲ. ಹನ್ನೊಂದು ತಿಂಗಳ ಕರಾರಾಯಿತು, ಟೆಂಪೊದಲ್ಲಿ ಸಾಮಾನು ಬಂತು.

ಆದಿತ್ಯವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅವಳು ಗುರಿಕಾರ ಮ್ಯಾಕ್ಸಿಮ್ ಅವರನ್ನು ಕಂಡಳು. ವಾರ್ಡಿನ ಕ್ರೈಸ್ತ ಮನೆಗಳ ಹಿತ ಅಹಿತ ನೋಡಿಕೊಳ್ಳುವವರು ಅವರು. ಇಂಥವರು ನಮ್ಮವರು ಎಂದು ಅವರು ಹೇಳಿದರೆ ಫಾದರ್ ಒಪ್ಪುತ್ತಾರೆ, ಫಾದರ್ ಒಪ್ಪಿದರೆ ಶಾಲೆ ಒಪ್ಪುತ್ತದೆ. ಯಾವ ಮನೆ ಎಂದು ಮ್ಯಾಕ್ಸಿಮ್ ಕೇಳಿ ತಿಳಿದುಕೊಂಡರು.

"ಅದು ರಸ್ತೆಯ ಎಡಬದಿ ಅಲ್ವಾ ಬಾಯೆ. ಎಡಬದಿಯ ಮನೆಗಳು ಬೇರೆ ಇಗರ್ಜಿಗೆ ಸೇರ್ತವೆ."

"ಗಂಟೆ ಕೇಳಿಸ್ತದೆ ಅಂಕಲ್."

"ಗಂಟೆ ಇಡೀ ಉರ್ವಕ್ಕೆ ಕೇಳಿಸ್ತದೆ. ಗಡಿ ರಸ್ತೆಯೇ."

ಎಸ್ತೆರ್‌ಗೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಡೋಣ, ಇನ್ನು ಏಳುವುದೇ ಬೇಡ ಎನಿಸಿತು. ಬಲಬದಿಯಲ್ಲಿ ಬಾಡಿಗೆಗೆ ಒಂದು ಗೂಡೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಶಾಲೆಯ ಮಾತುಕತೆ ಅದೇ ವಾರ. ಅದನ್ನು ಇಂಟರ್‌ವ್ಯೂ ಎನ್ನಬಾರದಂತೆ. ಫ್ಲೋಯ್ಡ್ ಫೋನಿನಲ್ಲಿ, ಹೇಗಾದರೂ ಅಡ್ಜಸ್ಟ್ ಮಾಡು ಎಂದ. ಅಷ್ಟು ದೂರ ಕೂತವರಿಗೆ ಆ ಮಾತು ಎಷ್ಟು ಸಲೀಸು.

ಸಂಜೆ ಮ್ಯಾಕ್ಸಿಮ್ ತಾವೇ ಮನೆಗೆ ಬಂದರು. ಬಲಬದಿಯ ನಮ್ಮ ಮನೆಯ ಮಾಳಿಗೆಯಲ್ಲಿ ನೀವಿದ್ದೀರಿ ಎಂದು ಫಾದರ್‌ಗೆ ಹೇಳುತ್ತೇನೆ ಎಂದರು. ಹೇಳುವಾಗ ಮುಖ ಎತ್ತಲಿಲ್ಲ. ಮನುಷ್ಯ ಒಳ್ಳೆಯವರು. ಸುಳ್ಳು ಹೇಳಿ ಅಭ್ಯಾಸವಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು. ಆದರೆ ಸಿಸ್ಟರ್ ಮಗುವನ್ನೂ ಕೇಳುತ್ತಾರೆ, ಅದೊಂದನ್ನು ಸರಿಯಾಗಿ ಕಲಿಸಿಬಿಡು ಎಂದು ಎಚ್ಚರಿಸಿ ಹೋದರು.

ಕಲಿಸಿದಳು. ಜಡೆ ಹಾಕುವಾಗ, ಗಂಜಿ ತಿನ್ನಿಸುವಾಗ ಅದೇ ಪಾಠ. ಮನೆ ಎಲ್ಲಿ? ಮ್ಯಾಕ್ಸಿಮ್ ಅಜ್ಜನ ಮನೆಯ ಮೇಲೆ. ನಾವು ಅಲ್ಲಿ ಇಲ್ಲವಲ್ಲ ಎಂದು ಎಲೇನ್ ಮೊದಲ ದಿನ ವಾದಿಸಿದಳು. ಡಬ್ಬಲ್ ಡ್ಯೂಟಿ ಮುಗಿಸಿ ಬಂದಿದ್ದ ಎಸ್ತೆರ್‌ಗೆ ತಲೆ ಕೆಟ್ಟಿತ್ತು. ಹೇಳಿದ್ದನ್ನು ಹೇಳು ಎಂದು ಗದರಿಸಿಬಿಟ್ಟಳು. ಮಗು ಮತ್ತೆ ವಾದಿಸಲಿಲ್ಲ.

ಶಾಲೆಯಲ್ಲಿ ಸಿಸ್ಟರ್ ನಗುನಗುತ್ತಲೇ ಇಂಗ್ಲಿಷಿನಲ್ಲಿ ಕೇಳಿದರು. ಎಲೇನ್ ಕಲಿತಷ್ಟನ್ನು ಹೇಳಿದಳು. ಹೌದಾ, ಕಿಟಕಿಯಿಂದ ಎಂತೆಲ್ಲ ಕಾಣ್ತದೆ ಎಂದು ಸಿಸ್ಟರ್ ಮುಂದುವರಿಸಿದರು. ಅದನ್ನು ಎಸ್ತೆರ್ ಕಲಿಸಿರಲಿಲ್ಲ. ಎಲೇನ್ ಮಾತ್ರ ರೆಪ್ಪೆ ಬಡಿಯಲಿಲ್ಲ. ಮಾವಿನ ಮರ ಉಂಟು, ಅದರಲ್ಲಿ ಅಳಿಲು ಉಂಟು, ಸಂಜೆ ಅಜ್ಜ ಚಿಕ್ಕಿ ಕೊಡ್ತಾರೆ, ಪ್ರಾರ್ಥನೆ ಮಾಡುವಾಗ ನಾನು ಅಜ್ಜಿಯ ಮಡಿಲಲ್ಲಿ ನಿದ್ದೆ ಹೋಗ್ತೇನೆ. ಬಂದಷ್ಟು ಇಂಗ್ಲಿಷಿನಲ್ಲಿ, ಬಾರದ ಕಡೆ ಕೊಂಕಣಿ ಸೇರಿಸಿ, ನೀರು ಕುಡಿದಷ್ಟು ಸುಲಭವಾಗಿ ಹೇಳುತ್ತಾ ಹೋದಳು. ಮ್ಯಾಕ್ಸಿಮ್ ಅವರ ಆ ಮಾಳಿಗೆಯನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ.

"ಎಷ್ಟು ಚಂದ ಮಾತಾಡ್ತಾಳೆ. ಮನೆಯಲ್ಲಿ ಒಳ್ಳೆ ಕಲಿಸಿದ್ದೀರಿ," ಎಂದರು ಸಿಸ್ಟರ್. ಸೀಟು ಸಿಕ್ಕಿತು.

ಎಸ್ತೆರ್‌ಗೆ ಕುಣಿದಾಡಬೇಕೆನಿಸಬೇಕಿತ್ತು. ಮನೆಗೆ ನಡೆಯುವ ದಾರಿಯಲ್ಲಿ ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಾಗ ಬರೀ ಆಯಾಸ ಬಂತು, ಜೊತೆಗೆ ನಾಚಿಕೆ. ಎಲೇನ್ ಕಾಲು ಆಡಿಸುತ್ತಾ, ಇನ್ನು ನಿಜ ಹೇಳಬಹುದಾ ಎಂದು ಕೇಳಿದಳು. ಬೇಡ, ಟೀಚರ್ ಕೇಳಿದರೂ ಅದನ್ನೇ ಹೇಳಬೇಕು ಎಂದಳು ಎಸ್ತೆರ್. ಎಲ್ಲಿಯವರೆಗೆ ಎಂದಿತು ಮಗು. ಟೆಂತ್ ಮುಗಿಯುವವರೆಗೆ ಎಂದು ಬಾಯಿಗೆ ಬಂದದ್ದನ್ನು ನುಂಗಿ, ನೋಡುವಾ ಎಂದಳು.

ಎಲೇನ್ ಕಾಲು ಆಡಿಸುವುದನ್ನು ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

"ಮಮ್ಮಿ, ಕ್ರಿಸ್ಮಸ್ಸಿಗೆ ಪಪ್ಪ ಬರ್ತಾರೆ ಅಂತ ನೀನು ಹೇಳ್ತೀಯಲ್ಲ. ಅದು ಕೂಡ ಹೀಗೆಯಾ?"

"ಅಲ್ಲ. ಅದು ನಿಜ."

ಎಲೇನ್ ಅವಳ ಮುಖವನ್ನೇ ನೋಡಿದಳು. ಆಮೇಲೆ, ಅಮ್ಮನಿಗೆ ಬೇಜಾರಾಗಬಾರದೆಂದು, ಆಯಿತು ಎಂದು ತಲೆಯಾಡಿಸಿದಳು.